ಸೋಲಾರ್‌ಗೆ ಮೊದಲು ತಾರಸಿಯ ನೆರಳು ನೋಡಿ

ಪ್ರತಿವರ್ಷ ಏಪ್ರಿಲ್ 24ರ ಸುಮಾರಿಗೆ, ಮಧ್ಯಾಹ್ನ ಹನ್ನೆರಡೂಕಾಲರ ಹೊತ್ತಿಗೆ ಬೆಂಗಳೂರಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗಸ್ಟ್ 18ರ ಆಸುಪಾಸು ಮತ್ತೊಮ್ಮೆ ಹೀಗಾಗುತ್ತದೆ. ಇವೆರಡರ ನಡುವಿನ ದಿನಗಳಲ್ಲಿ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಬೆಂಗಳೂರು ಸಮಭಾಜಕ ವೃತ್ತದಿಂದ 13 ಡಿಗ್ರಿ ಉತ್ತರದಲ್ಲಿರುವುದೇ ಇದಕ್ಕೆ ಕಾರಣ. ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಲು ಹೊರಟವರು ಎಷ್ಟು ಕಿಲೋವಾಟ್, ಎಷ್ಟು ಸಬ್ಸಿಡಿ ಎಂದು ವಿಚಾರಿಸುತ್ತಾರೆ. ನಾನಾದರೆ ಮೊದಲು ನೆರಳಿನ ಲೆಕ್ಕ ಕೇಳುತ್ತೇನೆ.

ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಸೂರ್ಯ ಬೆಂಗಳೂರಿನಲ್ಲಿ ಸುಮಾರು 54 ಡಿಗ್ರಿಗಿಂತ ಮೇಲೇರುವುದಿಲ್ಲ. ಆರಡಿ ಎತ್ತರದ ನೀರಿನ ಟ್ಯಾಂಕಿನ ನೆರಳು ಆಗ ಉತ್ತರಕ್ಕೆ ನಾಲ್ಕೂವರೆ ಅಡಿ ಚಾಚುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಅದೇ ನೆರಳು ಹತ್ತಡಿ ದಾಟಿರುತ್ತದೆ. ಜೂನ್ ಕೊನೆಯ ನಡುಮಧ್ಯಾಹ್ನವಾದರೆ ಬರೀ ಒಂದಡಿ, ಅದೂ ದಕ್ಷಿಣಕ್ಕೆ. ಮೇ ತಿಂಗಳಲ್ಲಿ ಬಂದು ನೋಡಿದವರು ‘ಇಲ್ಲಿ ನೆರಳೇ ಇಲ್ಲ ಸಾರ್’ ಎಂದರೆ ಅದು ಮೇ ತಿಂಗಳಿಗೆ ನಿಜ, ಡಿಸೆಂಬರಿಗಲ್ಲ. ನಮ್ಮಲ್ಲಿ ಮೋಡವಿಲ್ಲದ ಆಕಾಶ ಸಿಗುವುದೇ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ಆ ತಿಂಗಳುಗಳ ಬೆಳಕನ್ನು ಟ್ಯಾಂಕು, ಮೆಟ್ಟಿಲ ಹೆಡ್‌ರೂಮು, ಪಕ್ಕದ ಮನೆಯ ತೆಂಗಿನ ಮರ ಕಸಿದುಕೊಂಡರೆ ವರ್ಷದ ಲೆಕ್ಕವೇ ತಪ್ಪುತ್ತದೆ. ಪಕ್ಕದ ಸೈಟಿನವರು ಮುಂದೆ ಇನ್ನೊಂದು ಮಹಡಿ ಎತ್ತುತ್ತಾರೇನೋ ಎಂಬುದನ್ನೂ ಯೋಚಿಸಬೇಕು, ಏಕೆಂದರೆ ಪ್ಯಾನೆಲ್ ಅಲ್ಲಿ ಇಪ್ಪತ್ತೈದು ವರ್ಷ ಇರುತ್ತದೆ.

ಅಂಗೈಯಗಲ ನೆರಳು ಬಿದ್ದರೆ ಅಷ್ಟೇ ನಷ್ಟವಲ್ಲವೇ ಎಂದು ಅನ್ನಿಸುವುದು ಸಹಜ. ಆದರೆ ಪ್ಯಾನೆಲ್ಲಿನೊಳಗಿನ ಸಿಲಿಕಾನ್ ಕೋಶಗಳೆಲ್ಲ ಒಂದರ ಹಿಂದೊಂದು ಸರಣಿಯಲ್ಲಿ ಜೋಡಣೆಯಾಗಿವೆ. ಮನೆಗೆ ಮೋಲ್ಡ್ ಹಾಕುವ ದಿನ ಕೆಲಸದವರು ಸಾಲಾಗಿ ನಿಂತು ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಆ ಸಾಲಿನಲ್ಲಿ ಒಬ್ಬರು ನಿಧಾನವಾದರೆ ಇಡೀ ಸಾಲೇ ನಿಧಾನವಾಗುತ್ತದೆ. ಇಲ್ಲೂ ಹಾಗೆಯೇ, ನೆರಳಿನಲ್ಲಿರುವ ಕೋಶ ಎಷ್ಟು ವಿದ್ಯುತ್ ಹರಿಯಬಿಡುತ್ತದೋ ಉಳಿದವುಗಳಿಗೂ ಅಷ್ಟೇ ಗತಿ. ಜೊತೆಗೆ ಆ ಕೋಶ ವಿದ್ಯುತ್ ಕೊಡುವ ಬದಲು ನುಂಗತೊಡಗಿ ಬಿಸಿಯಾಗುತ್ತದೆ, ಕೊನೆಗೆ ಸುಟ್ಟ ಕಲೆಯೂ ಬೀಳಬಹುದು. ಇದನ್ನು ತಪ್ಪಿಸಲು ಪ್ಯಾನೆಲ್ಲಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್‌ಗಳಿರುತ್ತವೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಅವು ವಿದ್ಯುತ್ತನ್ನು ಬೇರೆ ದಾರಿಯಲ್ಲಿ ಸಾಗಿಸುತ್ತವೆ. ಪ್ಯಾನೆಲ್ ಉಳಿಯುತ್ತದೆ, ಆದರೆ ಅದರ ಮೂರನೇ ಒಂದು ಭಾಗದ ಉತ್ಪಾದನೆ ಆ ಹೊತ್ತಿಗೆ ಹೋದಂತೆಯೇ. ಒಂದು ಡಿಶ್ ಆಂಟೆನಾದ ನೆರಳಿಗೆ ಇದು ತೀರಾ ದುಬಾರಿ ಬೆಲೆ. ಆಂಟೆನಾ ಬೇರೆಡೆಗೆ ಸರಿಸಿ.

ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಬೆಂಗಳೂರು, ಮೈಸೂರಿನ ತಾರಸಿಗಳಲ್ಲಿ ಹಲವು ದಶಕಗಳಿಂದ ಇರುವ ಸೋಲಾರ್ ವಾಟರ್ ಹೀಟರ್ ಬಿಸಿಲಿನ ಶಾಖವನ್ನು ಹಿಡಿಯುವ ಸಾಧನ. ವಿದ್ಯುತ್ ಪ್ಯಾನೆಲ್ ಅದಕ್ಕೆ ವಿರುದ್ಧ ಸ್ವಭಾವದ್ದು. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ತೋರಿಸಿದ ಸಿಲಿಕಾನ್ ಕೋಶ ಬಿದ್ದ ಬೆಳಕಿನ ಶೇಕಡಾ 6ರಷ್ಟನ್ನು ವಿದ್ಯುತ್ತಾಗಿಸುತ್ತಿತ್ತು, ಇಂದಿನ ಪ್ಯಾನೆಲ್‌ಗಳಲ್ಲಿ ಅದು ಶೇಕಡಾ 20ರಿಂದ 22. ಈ ಅಳತೆಯೆಲ್ಲ ಕೋಶದ ಉಷ್ಣಾಂಶ 25 ಡಿಗ್ರಿ ಇದ್ದಾಗಿನದು. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೂ ಸುಮಾರು ಶೇಕಡಾ 0.3ರಿಂದ 0.4ರಷ್ಟು ಶಕ್ತಿ ಕುಗ್ಗುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಕೋಶ 65 ಡಿಗ್ರಿ ಮುಟ್ಟಿದರೆ ಶೇಕಡಾ 12ರಿಂದ 16ರಷ್ಟು ಖೋತಾ. ಹಾಗಾಗಿ ಪ್ಯಾನೆಲ್ಲಿನ ಕೆಳಗೆ ಗಾಳಿಯಾಡಲು ಜಾಗ ಬಿಡಲೇಬೇಕು. ಸ್ಟ್ರಕ್ಚರ್ ಎತ್ತರಿಸಿದರೆ ಅಡಿಯಲ್ಲಿ ಓಡಾಡಲೂ ಜಾಗ ಸಿಗುತ್ತದೆ, ಸಂಡಿಗೆ ಒಣಹಾಕಲು ಮಾತ್ರ ಬೇರೆ ಬಿಸಿಲು ಹುಡುಕಬೇಕು.

ಇನ್ನು ಎಷ್ಟು ಹಾಕಿಸಬೇಕು? ಒಂದು ಕಿಲೋವಾಟ್ ನಮ್ಮ ರಾಜ್ಯದಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಅದಕ್ಕೆ ನೆರಳಿಲ್ಲದ 100 ಚದರಡಿ ಬೇಕು. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಇದು ಬಹಳ ಇಳಿಯುತ್ತದೆ. ಮೂರು ಕಿಲೋವಾಟ್ ಎಂದರೆ ತಿಂಗಳಿಗೆ ಸುಮಾರು 350 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯ ಅಂದಾಜಿನಲ್ಲಿ ಎರಡು ಸಾವಿರ ರೂಪಾಯಿ ಚಿಲ್ಲರೆ ಉಳಿತಾಯ. ನಿಗದಿತ ಶುಲ್ಕ ಮಾತ್ರ ಹಾಗೇ ಇರುತ್ತದೆ. ಆದರೆ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ ಸೊನ್ನೆ ಬಿಲ್ ಬರುತ್ತಿರುವ ಮನೆಗೆ ಉಳಿಸಲು ಬಿಲ್ಲೇ ಇಲ್ಲ. ಅಂಥವರು ಸಾಲ ಮಾಡಿ ಸೋಲಾರ್ ಹಾಕಿಸುವ ಅವಸರ ಪಡಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ತಿಂಗಳಿಗೆ 300–400 ಯೂನಿಟ್ ದಾಟುವ ಮನೆಗಳಿಗೆ ಇದು ನಿಜವಾಗಿ ದಕ್ಕುತ್ತದೆ. ಹೆಚ್ಚು ಹಾಕಿಸಿ ಮಾರಿಬಿಡೋಣ ಎಂಬ ಆಸೆಯೂ ಬೇಡ. ನೆಟ್ ಮೀಟರಿನಲ್ಲಿ ನೀವು ಕೊಟ್ಟದ್ದು ನೀವು ಪಡೆದದ್ದರೊಂದಿಗೆ ವಜಾ ಆಗುವವರೆಗೆ ಲಾಭ ಪೂರ್ತಿ. ಅದಕ್ಕೂ ಮೀರಿ ಮಿಕ್ಕದ್ದಕ್ಕೆ ಸಿಗುವ ದರ ನೀವು ಕೊಳ್ಳುವ ದರಕ್ಕಿಂತ ತೀರಾ ಕಡಿಮೆ.

ಬಹಳ ಜನರಿಗೆ ಹಾಕಿಸಿದ ಮೇಲೆ ಗೊತ್ತಾಗುವ ಸಂಗತಿ ಒಂದಿದೆ. ಬ್ಯಾಟರಿಯಿಲ್ಲದ ಸಾಮಾನ್ಯ ಆನ್‌ಗ್ರಿಡ್ ವ್ಯವಸ್ಥೆಯಲ್ಲಿ ಕರೆಂಟು ಹೋದರೆ, ಉರಿಬಿಸಿಲಿದ್ದರೂ ಸೋಲಾರ್ ನಿಂತುಹೋಗುತ್ತದೆ. ಇದು ದೋಷವಲ್ಲ. ಇನ್ವರ್ಟರ್ ಲೈನಿನ ವೋಲ್ಟೇಜನ್ನೂ 50 ಹರ್ಟ್ಜ್ ಆವರ್ತನವನ್ನೂ ಸದಾ ಗಮನಿಸುತ್ತಿರುತ್ತದೆ. ಲೈನು ಸತ್ತ ಕೂಡಲೇ ತಾನೂ ಬಂದ್ ಆಗುತ್ತದೆ. ಆಗದಿದ್ದರೆ ಮನೆಯ ವಿದ್ಯುತ್ ಬೀದಿಗೆ ಹರಿದು ಟ್ರಾನ್ಸ್‌ಫಾರ್ಮರ್ ತಲುಪುತ್ತಿತ್ತು. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುವಂಥದ್ದು, ಹಾಗಾಗಿ ಆಚೆಯ ತಂತಿಯಲ್ಲಿ ಅದು 11,000 ವೋಲ್ಟ್ ಆಗಿ ಏರುತ್ತಿತ್ತು. ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ನಿನ ಪ್ರಾಣ ಉಳಿಸಲು ಇರುವ ಏರ್ಪಾಡಿದು. ಅದನ್ನು ಯಾರಾದರೂ ‘ಸರಿಮಾಡಿ ಕೊಡುತ್ತೇನೆ’ ಎಂದರೆ ಒಪ್ಪಲೇಬೇಡಿ. ಕರೆಂಟು ಹೋದಾಗಲೂ ಸೋಲಾರ್ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು, ಖರ್ಚೂ ಅಷ್ಟು ಏರುತ್ತದೆ.

ಸ್ಲ್ಯಾಬಿಗೆ ರಂಧ್ರ ಕೊರೆದು ಸ್ಟ್ರಕ್ಚರ್ ನಿಲ್ಲಿಸಿದರೆ ಮಳೆಗಾಲಕ್ಕೆ ಸೋರಿಕೆ ಕಾದಿರುತ್ತದೆ. ತೂಕದ ಕಾಂಕ್ರೀಟ್ ಬ್ಲಾಕ್‌ಗಳ ಮೇಲೆ ನಿಲ್ಲಿಸುವುದು ಮೇಲು. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಅದು ತಡೆಯುತ್ತದೆಯೇ ಎಂದು ಬರಹದಲ್ಲೇ ಕೇಳಿ. ಪ್ಯಾನೆಲ್‌ನಿಂದ ಇನ್ವರ್ಟರ್‌ವರೆಗೆ ಹರಿಯುವುದು ಡಿಸಿ. ಆರು ಪ್ಯಾನೆಲ್ ಸರಣಿಯಲ್ಲಿದ್ದರೆ 250ರಿಂದ 300 ವೋಲ್ಟ್. ಮನೆಯ ಎಸಿ ವಿದ್ಯುತ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ತಾನಾಗಿ ಆರಬಹುದು, ಡಿಸಿಯಲ್ಲಿ ಆ ಬಿಡುವಿಲ್ಲ. ಸಡಿಲವಾದ ಒಂದು ಕನೆಕ್ಟರಿನ ಕಿಡಿ ನಿರಂತರ ಉರಿದು ಬೆಂಕಿಯಾಗಬಲ್ಲದು. ಬೆಳಕಿರುವವರೆಗೆ ಪ್ಯಾನೆಲ್ ಆಫ್ ಮಾಡುವ ದಾರಿಯೂ ಇಲ್ಲ. ಎರಡು ಬ್ರ್ಯಾಂಡಿನ ಕನೆಕ್ಟರ್‌ಗಳನ್ನು ಸೇರಿಸಿ ಸಿಕ್ಕಿಸಲು, ಅರ್ತಿಂಗಿನಲ್ಲಿ ಕಾಸು ಉಳಿಸಲು ಬಿಡಬೇಡಿ.

ಪ್ಯಾನೆಲ್ ತೊಳೆದು ಒರೆಸುವ ಕೆಲಸ ಬೆಳಿಗ್ಗೆ ಬೇಗ ಅಥವಾ ಸಂಜೆ. ಕಾದ ಗಾಜಿಗೆ ತಣ್ಣೀರು ಸುರಿಯಬಾರದು. ಬೋರ್‌ವೆಲ್ಲಿನ ಗಡಸು ನೀರು ಒಣಗಿದರೆ ಬಿಳಿ ಕಲೆ ಕಟ್ಟುತ್ತದೆ, ಆದ್ದರಿಂದ ಕೂಡಲೇ ಒರೆಸಿ ತೆಗೆಯಿರಿ.

ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಆರಂಭವಾಯಿತು. ಮೊದಲ ಎರಡು ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000 ರೂಪಾಯಿ ಸಬ್ಸಿಡಿ. ಕೋಶವೂ ಸೇರಿದಂತೆ ಪ್ಯಾನೆಲ್ ಭಾರತದಲ್ಲೇ ತಯಾರಾಗಿರಬೇಕು, ಹಾಕುವವರು ನೋಂದಾಯಿತ ವೆಂಡರ್ ಆಗಿರಬೇಕು. ಹಣ ಬರುವುದು ನೆಟ್ ಮೀಟರ್ ಕೂತು ತಪಾಸಣೆ ಮುಗಿದ ಮೇಲೆ. ಅರ್ಜಿ ಹಾಕುವ ಮುನ್ನ ಕರೆಂಟು ಬಿಲ್ಲಿನಲ್ಲಿ ಆರ್‌ಆರ್ ನಂಬರಿನ ಜೊತೆ ಯಾರ ಹೆಸರಿದೆ ನೋಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಅದು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಯಾವುದೇ ಇರಲಿ, ಮೊದಲು ಹೆಸರು ಬದಲಾಯಿಸಿಕೊಂಡು ನಂತರ ಅರ್ಜಿ ಹಾಕಿ.