ಧಾರವಾಡದಿಂದ ವಿಜಯಪುರದವರೆಗೆ: ಐದು ದಿನಗಳ ಇತಿಹಾಸಯಾತ್ರೆ

ಯಾತ್ರೆಯು ನಮ್ಮ ಮನೆತನಗಳಿಗೆ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ರೊಟ್ಟಿಬುತ್ತಿ ಕಟ್ಟಿಕೊಂಡು, ಹಿರಿಯರನ್ನೂ ಮಕ್ಕಳನ್ನೂ ಕೂಡಿಕೊಂಡು ಕೂಡಲಸಂಗಮಕ್ಕೆ ಹೋಗಿಬರುವ ಕುಟುಂಬಗಳು ನಮ್ಮಲ್ಲಿ ಅಸಂಖ್ಯ. ಹಾಗೆ ಹೋಗುವವರಲ್ಲಿ ಅನೇಕರು ಬಾದಾಮಿಯ ಮೇಣಬಸದಿಗಳನ್ನೂ ವಿಜಯಪುರದ ಗೋಲಗುಂಬಜನ್ನೂ ನೋಡಿ ಬರುವುದುಂಟು. ಆದರೆ ಆ ಸ್ಮಾರಕಗಳ ಮಗ್ಗುಲಲ್ಲಿಯೇ ಇರುವ ಸಣ್ಣ ವಸ್ತುಸಂಗ್ರಹಾಲಯದ ಬಾಗಿಲನ್ನು ದಾಟಿ ಒಳಗೆ ಹೋದವರೆಷ್ಟು ಮಂದಿ? "ಅಲ್ಲೇನಿದೆ, ಒಡೆದ ಕಲ್ಲುಗಳು" ಎಂದು ಮುಂದೆ ನಡೆಯುವವರೇ ಹೆಚ್ಚು.

ಒಡೆದ ಕಲ್ಲುಗಳೆಂಬುದು ನಿಜ. ಆದರೆ ಅವು ಅಲ್ಲಿಯ ನೆಲದವೇ ಆದ ಕಲ್ಲುಗಳು. ಮಹಾನಗರದ ದೊಡ್ಡ ಸಂಗ್ರಹಾಲಯದಲ್ಲಿ ಮೂರ್ತಿಯೊಂದು ತನ್ನ ಊರನ್ನು ಬಿಟ್ಟು ಬಂದು ನಿಂತಿರುತ್ತದೆ. ಸಣ್ಣ ಊರಿನ ಸಂಗ್ರಹಾಲಯದಲ್ಲಾದರೋ ಮೂರ್ತಿಯನ್ನು ನೋಡಿ ಹೊರಬಂದರೆ ಅದು ಹುಟ್ಟಿದ ಬೆಟ್ಟವೂ ಗುಡಿಯೂ ಎದುರಿಗೇ ಕಾಣುತ್ತವೆ. ಇಂಥ ಸಂಗ್ರಹಾಲಯಗಳ ಮಾಲೆಯೊಂದು ಉತ್ತರ ಕರ್ನಾಟಕದಲ್ಲಿದೆ. ತಕ್ಕ ಸಿದ್ಧತೆಯಿಂದ ಹೊರಟರೆ ಅದನ್ನು ಐದು ದಿನಗಳಲ್ಲಿ ನೋಡಿಬರಬಹುದು.

ಮೊದಲು ವಾರದ ಲೆಕ್ಕ

ಪಂಚಾಂಗ ನೋಡಿ ಹೊರಡುವ ನಾವು ಇಲ್ಲಿ ವಾರವನ್ನೂ ನೋಡಬೇಕು. ಬಾದಾಮಿ, ಐಹೊಳೆ, ವಿಜಯಪುರಗಳ ಸಂಗ್ರಹಾಲಯಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ಸೇರಿದವು. ಅವುಗಳಿಗೆ ಶುಕ್ರವಾರ ರಜೆ. ರಾಜ್ಯದ ಇಲಾಖೆಯ ಸಂಗ್ರಹಾಲಯಗಳು ಸಾಮಾನ್ಯವಾಗಿ ಸೋಮವಾರ ಮುಚ್ಚಿರುತ್ತವೆ. ವಿಶ್ವವಿದ್ಯಾಲಯದ ಸಂಗ್ರಹಾಲಯಕ್ಕೆ ಭಾನುವಾರವೂ ಸರ್ಕಾರಿ ರಜಾದಿನಗಳೂ ಒದಗಿ ಬರುವುದಿಲ್ಲ. ಈ ಮೂರನ್ನೂ ಹೊಂದಿಸಿಕೊಂಡರೆ ಮಂಗಳವಾರ ಹೊರಡುವುದೇ ಲೇಸು.

ಮಂಗಳವಾರ ಧಾರವಾಡ ಮತ್ತು ಕಿತ್ತೂರು; ಬುಧವಾರ ಗದಗಿನ ಮಾರ್ಗವಾಗಿ ಲಕ್ಕುಂಡಿ, ಸಂಜೆಗೆ ಬಾದಾಮಿ; ಗುರುವಾರ ಮುಂಜಾನೆ ಬಾದಾಮಿಯ ಸಂಗ್ರಹಾಲಯ, ಮಧ್ಯಾಹ್ನ ಐಹೊಳೆ. ಶುಕ್ರವಾರ ಸಂಗ್ರಹಾಲಯಗಳು ಮುಚ್ಚಿದ್ದರೂ ಸ್ಮಾರಕಗಳು ತೆರೆದಿರುತ್ತವೆ. ಆದ್ದರಿಂದ ಆ ದಿನವನ್ನು ಬಾದಾಮಿಯ ಮೇಣಬಸದಿ, ಪಟ್ಟದಕಲ್ಲು ಹಾಗೂ ಕೂಡಲಸಂಗಮಗಳಿಗೆ ಮೀಸಲಿಡಬೇಕು. ಶನಿವಾರ ವಿಜಯಪುರ. ಸ್ವಂತ ವಾಹನವಿಲ್ಲದವರಿಗೆ ಗದಗ, ಬಾದಾಮಿ, ಬಾಗಲಕೋಟೆ, ವಿಜಯಪುರಗಳನ್ನು ಕೂಡಿಸುವ ರೈಲುಮಾರ್ಗವಿದೆ. ಪುಷ್ಯ ಮಾಸದಲ್ಲಿ ಬನಶಂಕರಿಯ ಜಾತ್ರೆ ನೆರೆದಾಗ ಬಾದಾಮಿಯಲ್ಲಿ ವಸತಿ ದೊರೆಯುವುದು ಕಷ್ಟ. ಬೇಸಿಗೆಯಲ್ಲಿ ಅಲ್ಲಿಯ ಕೆಂಗಲ್ಲು ಬರಿಗಾಲನ್ನು ಸುಡುತ್ತದೆ. ಕಾರ್ತಿಕದಿಂದ ಮಾಘದವರೆಗಿನ ಕಾಲವೇ ಪ್ರಶಸ್ತ. ಹೊರಡುವ ಮುನ್ನ ಒಮ್ಮೆ ದೂರವಾಣಿಯ ಮೂಲಕ ವಿಚಾರಿಸಿಕೊಳ್ಳುವುದನ್ನು ಮರೆಯಬಾರದು.

ಧಾರವಾಡ ಮತ್ತು ಕಿತ್ತೂರು

ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು 1939ರಲ್ಲಿ ಅಂದಿನ ಮುಂಬಯಿ ಸರ್ಕಾರದಿಂದ ಸ್ಥಾಪಿತವಾಯಿತು. ಈಗ ಅದು ಕರ್ನಾಟಕ ವಿಶ್ವವಿದ್ಯಾಲಯದ ಅಂಗ. ಅದರ ಸಂಗ್ರಹದಲ್ಲಿ ಶಿಲ್ಪ, ಶಾಸನ, ತಾಮ್ರಪಟ, ನಾಣ್ಯಗಳಿವೆ. ತಾಡವೋಲೆಯ ಹಸ್ತಪ್ರತಿಗಳೂ ಇವೆ. ಯಾತ್ರೆಯನ್ನು ಇಲ್ಲಿಂದ ಆರಂಭಿಸುವುದಕ್ಕೆ ಕಾರಣವುಂಟು. ಇತಿಹಾಸವನ್ನು ಯಾವ ಯಾವ ಬಗೆಯ ವಸ್ತುಗಳಿಂದ ಕಟ್ಟುತ್ತಾರೆ ಎಂಬುದು ಇಲ್ಲಿ ಒಂದೇ ಸೂರಿನಡಿ ತಿಳಿಯುತ್ತದೆ.

ಮಕ್ಕಳಿಗೆ ಇಲ್ಲಿ ಎರಡು ಪಾಠಗಳನ್ನು ಹೇಳಿಕೊಡಬೇಕು. ಮೊದಲನೆಯದು ದಾನಶಾಸನದ್ದು. ಕಲ್ಲಿನ ಮೇಲ್ತುದಿಯಲ್ಲಿ ಸೂರ್ಯಚಂದ್ರರಿದ್ದರೆ ಆ ದಾನವು ಅವರಿರುವವರೆಗೂ ನಡೆಯತಕ್ಕದ್ದೆಂದು ಅರ್ಥ. ಕೊನೆಯ ಸಾಲುಗಳಲ್ಲಿ ದಾನವನ್ನು ಕೆಡಿಸಿದವನಿಗೆ ಶಾಪವಿರುತ್ತದೆ. ಎರಡನೆಯದು ವೀರಗಲ್ಲಿನದು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಇಷ್ಟನ್ನು ಬಲ್ಲ ಹತ್ತು ವರುಷದ ಬಾಲಕನು ಮುಂದೆ ಸಿಕ್ಕ ಊರಲ್ಲೆಲ್ಲ ಕಲ್ಲುಗಳ ಮುಂದೆ ತಾನಾಗಿಯೇ ನಿಲ್ಲುತ್ತಾನೆ.

ಅಲ್ಲಿಂದ ಸುಮಾರು 30 ಕಿ.ಮೀ. ದೂರದಲ್ಲಿ ಕಿತ್ತೂರು. ಪಾಳುಬಿದ್ದ ಅರಮನೆಯ ಕೋಟೆಯೊಳಗೇ ರಾಜ್ಯದ ಇಲಾಖೆಯ ಸಂಗ್ರಹಾಲಯವಿದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಈ ಕೋಟೆಯ ಮುಂದೆ ಬಿದ್ದನು. ಆ ವರುಷದ ಡಿಸೆಂಬರಿನಲ್ಲಿ ಕೋಟೆ ಸೋತಿತು. ರಾಣಿ ಚನ್ನಮ್ಮಾಜಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ದೇಹವಿಟ್ಟರು. ಇದನ್ನು ಪಠ್ಯಪುಸ್ತಕದಲ್ಲಿ ಎಲ್ಲರೂ ಓದಿದ್ದೇವೆ. ಆದರೆ ಸಂಗ್ರಹಾಲಯದ ಖಡ್ಗಗಳನ್ನೂ ಕೆತ್ತನೆಯ ಬಾಗಿಲುಗಳನ್ನೂ ನೋಡಿ ಹೊರಬಂದು ಅರಮನೆಯ ಮೋಟುಗೋಡೆಗಳ ನಡುವೆ ನಿಂತಾಗ, ಸೋತ ಮೇಲೆ ಒಂದು ಸಂಸ್ಥಾನಕ್ಕೆ ಏನಾಗುತ್ತದೆಂಬುದು ಯಾವ ಉಪನ್ಯಾಸವೂ ಇಲ್ಲದೆ ಮನಸ್ಸಿಗೆ ನಾಟುತ್ತದೆ.

ಲಕ್ಕುಂಡಿ

ಗದಗಿನಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಕ್ರಿ.ಶ. 1007ರ ಸುಮಾರಿಗೆ ಕಟ್ಟಿಸಿದ ಬ್ರಹ್ಮಜಿನಾಲಯವಿದೆ. ಅದರ ಆವರಣದಲ್ಲಿಯೇ ಶಿಲ್ಪಗಳ ಸಂಗ್ರಹಾಲಯವಿದೆ. ಈ ಮಹಾತಾಯಿಯು ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳು. ಮುದ್ರಣವಿಲ್ಲದ ಕಾಲದಲ್ಲಿ ಕಾವ್ಯವೊಂದು ಅಳಿಯದಂತೆ ಕಾಯುವುದು ಹೇಗೆಂಬುದನ್ನು ಆಕೆ ಬಲ್ಲವಳಾಗಿದ್ದಳು. ಒಂದೇ ಕಡೆ ಬಚ್ಚಿಟ್ಟದ್ದು ಅಳಿಯುತ್ತದೆ, ಹಂಚಿದ್ದು ಉಳಿಯುತ್ತದೆ.

ಇದೇ ಊರಿನಲ್ಲಿ 2024ರಲ್ಲಿ ರಾಜ್ಯ ಸರ್ಕಾರವು ಪ್ರಾಚ್ಯಾವಶೇಷಗಳನ್ನು ಹುಡುಕಿ ಕೂಡಿಸುವ ಅಭಿಯಾನವನ್ನು ನಡೆಸಿತು. ಮನೆಯ ಹಿತ್ತಿಲಲ್ಲಿ, ಕಟ್ಟೆಯ ಬದಿಯಲ್ಲಿ, ಹೊಲದ ಬದುವಿನಲ್ಲಿ ಬಿದ್ದಿದ್ದ ಶಿಲ್ಪಗಳನ್ನೂ ಶಾಸನಗಳನ್ನೂ ಊರ ಜನರೇ ತೋರಿಸಿ ಒಪ್ಪಿಸಿದರು. ಲಕ್ಕುಂಡಿಗೆ ಹೋದವರು ಗುಡಿಗಳ ಕೆತ್ತನೆಯನ್ನು ಹೊಗಳುವುದರ ಜೊತೆಗೆ ಆ ಜನರ ಔದಾರ್ಯವನ್ನೂ ನೆನೆಯಬೇಕು.

ಬಾದಾಮಿ ಮತ್ತು ಐಹೊಳೆ

ಬಾದಾಮಿಯ ಸಂಗ್ರಹಾಲಯವು ಬಡಗಣ ಬೆಟ್ಟದ ಬುಡದಲ್ಲಿ, ಅಗಸ್ತ್ಯತೀರ್ಥದ ದಂಡೆಯ ಸಮೀಪದಲ್ಲಿದೆ. 1982ರಲ್ಲಿ ಇದು ಪೂರ್ಣರೂಪದ ಸಂಗ್ರಹಾಲಯವಾಯಿತು. ಶಿಲಾಯುಗದ ಕಲ್ಲಿನ ಆಯುಧಗಳಿಂದ ಆರಂಭಿಸಿ ಚಾಲುಕ್ಯರ ಹಾಗೂ ಅವರ ನಂತರದ ಶಿಲ್ಪಗಳವರೆಗೆ ಇಲ್ಲಿ ಒಂದು ನಾಡಿನ ಬಾಳುವೆಯೇ ಸಾಲಾಗಿ ನಿಂತಿದೆ. ಮುಖದ ಸ್ಥಾನದಲ್ಲಿ ಅರಳಿದ ಕಮಲವುಳ್ಳ ಲಜ್ಜಾಗೌರಿಯ ಮೂರ್ತಿಯ ಮುಂದೆ ಕೆಲವು ತಾಯಂದಿರು ಮಕ್ಕಳನ್ನು ಬೇಗ ಬೇಗ ಮುಂದಕ್ಕೆ ನಡೆಸುವುದುಂಟು. ಹಾಗೆ ಮಾಡಬೇಕಾಗಿಲ್ಲ. ಬೆಳೆಗೂ ಸಂತಾನಕ್ಕೂ ಒಂದೇ ತಾಯಿಯೆಂದು ನಂಬಿದ್ದ ಒಕ್ಕಲುಮಕ್ಕಳ ಭಕ್ತಿ ಅದು ಎಂದು ಹೇಳಿದರೆ ಸಾಕು, ಮಕ್ಕಳು ಗೌರವದಿಂದಲೇ ನೋಡುತ್ತಾರೆ.

ಹೊರಬಂದರೆ ಸುತ್ತಲಿನ ಬಂಡೆಗಳೇ ಗ್ರಂಥಗಳು. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿಯು ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಸಾರುವ ಶಾಸನವು ಈ ಬೆಟ್ಟದ ಬಂಡೆಯಲ್ಲಿದೆ. ಊರಿನ ಇನ್ನೊಂದು ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ನಮ್ಮ ತಾಯಂದಿರು ಬೀಸುವಾಗ ಹಾಡುತ್ತಿದ್ದ ತ್ರಿಪದಿಯ ಹಳೆಯ ಲಿಖಿತ ರೂಪಗಳನ್ನು ಅದರಲ್ಲಿ ಕಾಣಬಹುದು.

ಅಲ್ಲಿಂದ ಸುಮಾರು 35 ಕಿ.ಮೀ. ದೂರದ ಐಹೊಳೆಯಲ್ಲಿ ಸಂಗ್ರಹಾಲಯವು ದುರ್ಗಗುಡಿಯ ಆವರಣದಲ್ಲಿದೆ. ಇಲ್ಲಿ ವಿಚಾರಿಸತಕ್ಕ ಪ್ರಶ್ನೆ ಹೆಸರುಗಳದ್ದು. ದುರ್ಗಗುಡಿಗೆ ಆ ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ದುರ್ಗ ಎಂದರೆ ಕೋಟೆ ಎಂಬ ಮಾತಿನಿಂದ. ಲಾಡಖಾನ ಗುಡಿಗೆ ಅದರಲ್ಲಿ ವಾಸವಾಗಿದ್ದವನ ಹೆಸರು ನಿಂತಿತು. ಗುಡಿಯ ಮೂಲನಾಮವೂ ಕಟ್ಟಿಸಿದವರ ಹೆಸರೂ ಜನರ ನೆನಪಿನಿಂದ ಜಾರಿಹೋದಾಗ ಹೀಗಾಗುತ್ತದೆ. ಮೇಗುತಿ ಬೆಟ್ಟದ ಬಸದಿಯಿಂದ ಬಂದ ಅಂಬಿಕೆಯ ಸುಂದರ ಮೂರ್ತಿಯನ್ನು ಸಂಗ್ರಹಾಲಯದಲ್ಲಿ ನೋಡಿ, ಅನಂತರ ಅದೇ ಬೆಟ್ಟವನ್ನು ಹತ್ತಬೇಕು. ಅಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿಯು ರಚಿಸಿದ ಇಮ್ಮಡಿ ಪುಲಕೇಶಿಯ ಪ್ರಶಸ್ತಿ ಇನ್ನೂ ಗೋಡೆಯಲ್ಲಿಯೇ ಇದೆ. ಕಾಳಿದಾಸ, ಭಾರವಿಯರ ಕಾಲವನ್ನು ನಿರ್ಣಯಿಸಲು ವಿದ್ವಾಂಸರು ಆಶ್ರಯಿಸುವುದು ಈ ಗೋಡೆಯ ಕಲ್ಲನ್ನೇ. ಒಂದು ಹಳ್ಳಿಯ ಕಲ್ಲು ಇಡೀ ದೇಶದ ಸಾಹಿತ್ಯಚರಿತ್ರೆಗೆ ಆಧಾರಸ್ತಂಭವಾಗಿದೆ.

ವಿಜಯಪುರ

ಮುಹಮ್ಮದ್ ಆದಿಲಶಾಹನ ಸಮಾಧಿಯಾದ ಗೋಲಗುಂಬಜದ ಎದುರಿನ ನಗಾರಖಾನೆಯಲ್ಲಿ, 1892ರಲ್ಲಿ ಆರಂಭವಾದ ಸಂಗ್ರಹಾಲಯವಿದೆ. ಗುಮ್ಮಟದ ಪ್ರತಿಧ್ವನಿಯನ್ನು ಕೇಳಲು ಧಾವಿಸುವ ಜನರು ಇದನ್ನು ಹಾದೇ ಹೋಗುತ್ತಾರೆ, ಒಳಗೆ ಹೋಗುವುದಿಲ್ಲ. ಅರಬ್ಬೀ, ಪಾರಸಿ, ಕನ್ನಡ, ಸಂಸ್ಕೃತ ಶಾಸನಗಳು ಇಲ್ಲಿ ಒಂದೇ ಮನೆಯಲ್ಲಿವೆ. ಜೈನ ಹಾಗೂ ಶೈವ ಶಿಲ್ಪಗಳಿವೆ. ಮಹಡಿಯ ಮೇಲೆ ರತ್ನಗಂಬಳಿಗಳೂ ಚಿತ್ರಗಳೂ ಆಯುಧಗಳೂ ಇವೆ. ಈ ನಾಡು ಒಂದೇ ದನಿಯಲ್ಲಿ ಎಂದೂ ಮಾತಾಡಿದ್ದಲ್ಲ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಇದೇ ಊರಿನಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗಟ್ಟುಗಳನ್ನು ಅರಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಅಂದು ಆ ಮನೆಗಳವರು ಓಲೆಗಳನ್ನು ಒಲೆಗೆ ಹಾಕಿದ್ದರೆ, ಹೊಳೆಗೆ ಬಿಟ್ಟಿದ್ದರೆ, ಇಂದು ನಮ್ಮ ನಾಲಗೆಯ ಮೇಲಿರುವ ಅದೆಷ್ಟೋ ವಚನಗಳು ಇರುತ್ತಿರಲಿಲ್ಲ. ಅವರ ಹೆಸರಿನ ಸಂಶೋಧನ ಕೇಂದ್ರವು ಊರಿನಲ್ಲಿಯೇ ಇದೆ. ಯಾತ್ರೆಯನ್ನು ಆ ಸ್ಮರಣೆಯಿಂದ ಮುಗಿಸುವುದು ಉಚಿತ.

ನೋಡುವ ಕ್ರಮ

ಒಂದು ಸಂಗ್ರಹಾಲಯಕ್ಕೆ ಎರಡು ತಾಸು ಸಾಕು. ಎಲ್ಲವನ್ನೂ ನೋಡುವ ಹಂಬಲ ಬೇಡ. ಪ್ರತಿಯೊಬ್ಬರೂ ಮೂರು ವಸ್ತುಗಳನ್ನು ಆರಿಸಿಕೊಂಡು, ಅದು ಏನು, ಎಲ್ಲಿ ದೊರೆಯಿತು, ಯಾವ ಕಾಲದ್ದು ಎಂಬುದನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳಲಿ. ರಾತ್ರಿ ವಸತಿಯಲ್ಲಿ ಒಬ್ಬರಿಗೊಬ್ಬರು ಹೇಳಲಿ. ಶಿಲ್ಪಗಳನ್ನು ಮುಟ್ಟಬಾರದು, ಕುಂಕುಮ, ಎಣ್ಣೆ ಹಚ್ಚಬಾರದು. ಛಾಯಾಚಿತ್ರಕ್ಕೆ ಮೊದಲು ಅನುಮತಿ ಕೇಳಬೇಕು. ಪುರಾತತ್ತ್ವ ಇಲಾಖೆಯ ಸಂಗ್ರಹಾಲಯಗಳಲ್ಲಿ 15 ವರುಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ.

ಮನೆಗೆ ಮರಳಿದ ಮೇಲೆ

ಈ ಯಾತ್ರೆಯ ನಿಜವಾದ ಕೊನೆಯ ನಿಲ್ದಾಣ ವಿಜಯಪುರವಲ್ಲ, ನಮ್ಮ ನಮ್ಮ ಮನೆಯ ಅಟ್ಟ. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಓಲೆಗಟ್ಟು ಉಂಟೇ? ಬಟ್ಟೆ ಒಗೆಯುವ ಕಲ್ಲಿನ ಕೆಳಮೈಯಲ್ಲಿ ಅಕ್ಷರಗಳುಂಟೇ? ಒಮ್ಮೆ ನೋಡಬೇಕು. ಓಲೆಗಳಿದ್ದರೆ ನೀರು ತಾಗಿಸದೆ, ಅಂಟಿಕೊಂಡ ಗರಿಗಳನ್ನು ಬಲವಂತದಿಂದ ಬಿಡಿಸದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತದೆ, ಒಣಗಿದ ಹತ್ತಿಬಟ್ಟೆಯಲ್ಲಿ ಕಟ್ಟಿಟ್ಟು ಬಲ್ಲವರಿಗೆ ತೋರಿಸಬೇಕು. ನೂರು ವರುಷ ಮೀರಿದ ಶಿಲ್ಪ, ಶಾಸನ, ನಾಣ್ಯಗಳೂ 75 ವರುಷ ಮೀರಿದ ಮಹತ್ತ್ವದ ಹಸ್ತಪ್ರತಿಗಳೂ 1972ರ ಕಾಯಿದೆಯಂತೆ ಪುರಾವಸ್ತುಗಳೆನಿಸುತ್ತವೆ. ಅವು ಬೇಕಾದಂತೆ ಮಾರತಕ್ಕ ಸರಕಲ್ಲ. ಕಲ್ಲಿನಲ್ಲಿ ಅಕ್ಷರ ಕಂಡರೆ ಅದನ್ನು ಸುಣ್ಣ ಬಣ್ಣದಲ್ಲಿ ಮುಚ್ಚದೆ ಸಮೀಪದ ಸಂಗ್ರಹಾಲಯಕ್ಕೆ ಒಂದು ಪತ್ರ ಬರೆಯಿರಿ.

ಅತ್ತಿಮಬ್ಬೆ ಹಂಚಿ ಉಳಿಸಿದಳು. ಹಳಕಟ್ಟಿಯವರು ಅರಸಿ ಉಳಿಸಿದರು. ಲಕ್ಕುಂಡಿಯ ಜನ ಒಪ್ಪಿಸಿ ಉಳಿಸಿದರು. ಬರುವ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿಬನ್ನಿರಿ. ಬಂದ ಮೇಲೆ ಅಟ್ಟದ ಪೆಟ್ಟಿಗೆಯನ್ನು ಅವರ ಕೈಯಿಂದಲೇ ತೆರೆಯಿಸಿರಿ.