ನಲವತ್ತು ದಾಟಿದ ಮೇಲೆ ದೋಣಿ ಸ್ಪರ್ಧೆಗೆ ತಯಾರಿಯೇ? ಮೊದಲು ಬಿಪಿ ನೋಡಿಸಿಕೊಳ್ಳಿ



ಕಳೆದ ನವೆಂಬರ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಮುಗಿಸಿ ದೆಹಲಿ ಕರ್ನಾಟಕ ಸಂಘದಿಂದ ಹೊರಡುತ್ತಿದ್ದಾಗ ಒಬ್ಬರು ತಡೆದು ನಿಲ್ಲಿಸಿದರು. ಹೊನ್ನಾವರದ ಕಡೆಯವರು, ನೋಯ್ಡಾದಲ್ಲಿ ನೌಕರಿ, ವಯಸ್ಸು 46. "ಡಾಕ್ಟ್ರೇ, ಅಮೆರಿಕದಲ್ಲಿರೋ ತಮ್ಮ ದೋಣಿ ರೇಸಿಗೆ ಕರೀತಿದ್ದಾನೆ. ನನ್ನಿಂದ ಆಗತ್ತಾ?"

ಅವರು ಹೇಳಿದ್ದು ಔಟ್‌ರಿಗರ್ ದೋಣಿಯ ವಿಷಯ. ನಮ್ಮ ಕರಾವಳಿಯ ಪಾತಿ ದೋಣಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಿರಿದಾದ ದೋಣಿ ಮಗುಚದಂತೆ ಪಕ್ಕಕ್ಕೆ ಎರಡು ಅಡ್ಡಗೋಲು, ಅವುಗಳ ತುದಿಯಲ್ಲಿ ನೀರಿನ ಮೇಲೆ ತೇಲುವ ದಿಮ್ಮಿ. ಹವಾಯಿಯಲ್ಲಿ ಸ್ಪರ್ಧೆಯ ದೋಣಿಗೆ ಆರು ಜನ. ಅಲ್ಲಿ 1952ರಲ್ಲಿ ಶುರುವಾದ ಮೊಲೊಕಾಯಿ ಹೊಯೆ ಸ್ಪರ್ಧೆ ಸುಮಾರು 65 ಕಿ.ಮೀ. ತೆರೆದ ಸಮುದ್ರದ್ದು. ಗೆಲ್ಲುವ ತಂಡಕ್ಕೂ ಐದು ಗಂಟೆಯ ಆಸುಪಾಸು ಬೇಕು. ಇವರನ್ನು ಕರೆದದ್ದು ಅಷ್ಟು ದೊಡ್ಡದಕ್ಕಲ್ಲ, 20 ಕಿ.ಮೀ.ಗೆ. ಆದರೂ ಎರಡು ಗಂಟೆ ಬಿಡದೆ ಹುಟ್ಟು ಹಾಕಬೇಕು.

ಖಂಡಿತ ಆಗತ್ತೆ ಅಂದೆ. ಹೊರಡುವಾಗ ಅವರು, "ಅಪ್ಪಂಗೆ 54ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು" ಅಂದರು. ಹಾಗಾದರೆ ಮೊದಲು ಕ್ಲಿನಿಕ್ಕಿಗೆ ಬನ್ನಿ ಅಂದೆ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದದ್ದು ಸರಾಸರಿ 53ನೇ ವಯಸ್ಸಿಗೆ, ಉಳಿದವರಿಗೆ ಸುಮಾರು 59ಕ್ಕೆ. ಅಂದರೆ ನಮ್ಮಲ್ಲಿ ಐದಾರು ವರ್ಷ ಮುಂಚೆ. ಇವರ ಇಸಿಜಿ ಸರಿಯಿತ್ತು, ಟ್ರೆಡ್‌ಮಿಲ್ ಪರೀಕ್ಷೆಯೂ ಸರಿಯಿತ್ತು. ಬಿಪಿ ಮಾತ್ರ 152/96! ಎಷ್ಟು ವರ್ಷದಿಂದ ಹಾಗಿತ್ತೋ, ಅವರಿಗೇ ಗೊತ್ತಿರಲಿಲ್ಲ. ಎರಡು ವಾರ ಮನೆಯಲ್ಲಿ ಅಳೆದು ನೋಡಿ ಮಾತ್ರೆ ಶುರು ಮಾಡಿದೆವು. ಟ್ರೆಡ್‌ಮಿಲ್ ಪರೀಕ್ಷೆ ನಾರ್ಮಲ್ ಬಂತು ಅಂದರೆ ರಕ್ತನಾಳದಲ್ಲಿ ಕೊಬ್ಬೇ ಇಲ್ಲ ಅಂತಲ್ಲ. ಆದ್ದರಿಂದ ಕೊಲೆಸ್ಟ್ರಾಲ್, ಸಕ್ಕರೆಯನ್ನೂ ನೋಡಲೇಬೇಕು.

ಬಿಪಿಗೆ ಇಷ್ಟು ಒತ್ತು ಯಾಕೆ? "ನಾನು ದಿನಾ ಐದು ಕಿ.ಮೀ. ನಡೀತೀನಿ" ಅಂತ ಅವರೂ ಕೇಳಿದರು. ಕಾಲಿನ ಸ್ನಾಯುಗಳು ದೊಡ್ಡವು, ತೋಳಿನವು ಚಿಕ್ಕವು. ಅಷ್ಟೇ ಕೆಲಸವನ್ನು ತೋಳಿನಿಂದ ಮಾಡಿದರೆ ನಾಡಿಬಡಿತವೂ ಬಿಪಿಯೂ ಹೆಚ್ಚು ಏರುತ್ತವೆ. ಅದರ ಮೇಲೆ ಹೊಸಬರು ಉಸಿರು ಬಿಗಿಹಿಡಿದು ಎಳೆಯುತ್ತಾರೆ, ಆ ಕ್ಷಣಕ್ಕೆ ಬಿಪಿ ಇನ್ನೂ ಮೇಲೆ ಹೋಗುತ್ತದೆ. ಪಳಗಿದವರನ್ನು ಗಮನಿಸಿ. ಅವರು ಪಾದವನ್ನು ಒತ್ತಿ, ಸೊಂಟದಿಂದ ಮೈ ತಿರುಗಿಸಿ ಎಳೆಯುತ್ತಾರೆ, ಎಳೆಯುವಾಗ ಉಸಿರು ಬಿಡುತ್ತಾರೆ. ಭುಜ ಉಳಿಯುತ್ತದೆ, ಹೃದಯಕ್ಕೂ ಹೊರೆ ಕಡಿಮೆ.

ತಯಾರಿಯ ಬಹುಪಾಲು ಮಾತಾಡುತ್ತಾ ಮಾಡುವಷ್ಟು ನಿಧಾನವಾಗಿರಲಿ. ಒಂದು ಪೂರ್ತಿ ವಾಕ್ಯ ಹೇಳಲು ಆಗದಿದ್ದರೆ ವೇಗ ತಗ್ಗಿಸಿ. ಕೈಗಡಿಯಾರ ತೋರಿಸುವ "220 ಕಳೆ ವಯಸ್ಸು" ಲೆಕ್ಕ ತೋಳಿನ ವ್ಯಾಯಾಮಕ್ಕೆ ಸರಿ ಹೊಂದುವುದಿಲ್ಲ. ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗಂತೂ ಅದು ಪೂರಾ ತಪ್ಪು. ವಾರಕ್ಕೆ ನಾಲ್ಕು ದಿನ, 20 ನಿಮಿಷದಿಂದ ಶುರು ಮಾಡಿ ನಿಧಾನಕ್ಕೆ ಏರಿಸಿದರೆ ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ತಳ್ಳುವುದನ್ನು ಕಲಿಯುತ್ತದೆ. ಅದಕ್ಕೆ ತಿಂಗಳುಗಳು ಬೇಕು, ಅವಸರ ಮಾಡಿ ಪ್ರಯೋಜನವಿಲ್ಲ.

ಇನ್ನು ನಮ್ಮ ದೆಹಲಿಯ ಗಾಳಿ. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಜೋರಾಗಿ ದಣಿದಾಗ 60 ಲೀಟರ್ ದಾಟುತ್ತದೆ, ಅದೂ ಬಾಯಿಯಿಂದ. ಪಿಎಂ 2.5 ಎಂಬ ಸೂಕ್ಷ್ಮ ಧೂಳು ಶ್ವಾಸಕೋಶದ ಆಳಕ್ಕೆ ಇಳಿದು ರಕ್ತನಾಳಗಳಿಗೂ ಉರಿಯೂತ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನದ ಮಿತಿಯನ್ನು ಘನ ಮೀಟರ್‌ಗೆ 15 ಮೈಕ್ರೋಗ್ರಾಂ ಎಂದಿಟ್ಟಿದೆ, ನಮ್ಮ ದೇಶದ ಮಿತಿ 60. ದೀಪಾವಳಿಯ ನಂತರ ಇಲ್ಲಿ ಎರಡೂ ಲೆಕ್ಕಕ್ಕಿಲ್ಲ. ಎಕ್ಯೂಐ 200 ದಾಟಿದ ದಿನ ಹೊರಗೆ ದಣಿಯುವ ವ್ಯಾಯಾಮ ಬೇಡ ಎಂಬುದು ನಾನು ರೋಗಿಗಳಿಗೆ ಹೇಳುವ ಮಾತು. ಮನೆಯಲ್ಲಿ ಕಿಟಕಿ ಮುಚ್ಚಿ, ಏರ್ ಪ್ಯೂರಿಫೈಯರ್ ಹಾಕಿ ರೋಯಿಂಗ್ ಯಂತ್ರ ಎಳೆಯಿರಿ. ಪ್ಯೂರಿಫೈಯರ್ ಇಲ್ಲದ ಜಿಮ್ ಹೊರಗಿಗಿಂತ ಹೆಚ್ಚೇನೂ ಒಳ್ಳೆಯದಲ್ಲ.

ಎಳೆಯುವಾಗ ಎದೆ ಬಿಗಿತ, ದವಡೆ ಅಥವಾ ಎಡತೋಳಿಗೆ ಹರಿಯುವ ನೋವು, ತಲೆ ಸುತ್ತು, ಇದ್ದಕ್ಕಿದ್ದಂತೆ ಎದೆ ಡವಗುಟ್ಟುವುದು, ಇವುಗಳಲ್ಲಿ ಯಾವುದು ಬಂದರೂ ಅಲ್ಲೇ ನಿಲ್ಲಿಸಿ. ತೋಳಿನ ನೋವನ್ನು "ಹುಟ್ಟು ಹಾಕಿದ್ದಕ್ಕೆ ಸ್ನಾಯು ಹಿಡಿದಿದೆ" ಅಂದುಕೊಳ್ಳುವುದು ಬಹಳ ಸುಲಭ, ಅದೇ ಅಪಾಯ. ಕೈ ಆಡಿಸಿದಾಗ, ಒತ್ತಿದಾಗ ಹೆಚ್ಚಾಗುವ ನೋವು ಸಾಮಾನ್ಯವಾಗಿ ಸ್ನಾಯುವಿನದು. ದಣಿದಾಗ ಬಂದು ನಿಂತಾಗ ಇಳಿಯುವ ನೋವಿಗೆ ಅವತ್ತೇ ಡಾಕ್ಟರನ್ನು ನೋಡಿ. ನಿಂತರೂ ಇಳಿಯದಿದ್ದರೆ 112ಕ್ಕೆ ಫೋನ್ ಮಾಡಿ. ನೀವೇ ಕಾರು ಓಡಿಸಿಕೊಂಡು ಹೋಗಬೇಡಿ.

ಮಾರ್ಚ್‌ನಲ್ಲಿ ಅವರು ಮತ್ತೆ ಬಂದಾಗ ಬಿಪಿ 128/82 ಇತ್ತು, 50 ನಿಮಿಷ ಆರಾಮಾಗಿ ಎಳೆಯುತ್ತಿದ್ದರು. ಬೇಸಿಗೆ ರಜೆಗೆ ಊರಿಗೆ ಹೋಗಿ ಶರಾವತಿಯಲ್ಲಿ ಚಿಕ್ಕಪ್ಪನ ಪಾತಿ ದೋಣಿಯಲ್ಲಿ ಅಭ್ಯಾಸ ಮಾಡುತ್ತಾರಂತೆ. ಲೈಫ್ ಜಾಕೆಟ್ ಹಾಕಿಕೊಳ್ಳಿ ಅಂದೆ. "ಚಿಕ್ಕಪ್ಪ ನಗ್ತಾರೆ ಡಾಕ್ಟ್ರೇ" ಅಂದರು. ನಗಲಿ ಬಿಡಿ, ಅವರ ಬಿಪಿಯನ್ನೂ ಒಮ್ಮೆ ನೋಡಿಸಿ ಅಂದೆ.