ಶಾಲೆಯ ಗೇಟಿನಿಂದ ನೂರು ಗಜ

ಟೇಪಿನ ಒಂದು ತುದಿಯನ್ನು ಶಾಲೆಯ ಗೇಟಿಗೆ ಒತ್ತಿ ಹಿಡಿದು ನಿಂತವನು ನಾನು. ಇನ್ನೊಂದು ತುದಿ ಹಿಡಿದು ರಸ್ತೆಯಂಚಿನಲ್ಲಿ ನಡೆದವಳು ನಮ್ಮ ಸಂಸ್ಥೆಯ ಕಾರ್ಯಕರ್ತೆ, ಇನ್ನೂ ಇಪ್ಪತ್ತೈದು ದಾಟದ ಹುಡುಗಿ. ಹುಣಸೂರು ಸೀಮೆಯ ಒಂದು ಊರು. ಮೂವತ್ತು ಮೀಟರಿನ ಟೇಪನ್ನು ಮೂರು ಸಲ ಹಾಸಿ, ಮೇಲೆ ಇನ್ನೊಂದೂವರೆ ಮೀಟರು ಸೇರಿಸಿದರೆ ನೂರು ಗಜ. ಎಲ್ಲರೂ ಕೋಟ್ಪಾ ಎಂದು ಕರೆಯುವ 2003ರ ಕೇಂದ್ರ ಕಾಯ್ದೆ, ಶಾಲೆ ಕಾಲೇಜುಗಳ ಸುತ್ತ ಇಷ್ಟು ದೂರದೊಳಗೆ ತಂಬಾಕು ಮಾರಬಾರದು ಎನ್ನುತ್ತದೆ. ಮೊದಲ ಸಲ ಟೇಪು ಹಾಸಿ ಮುಗಿಯುವ ಮುಂಚೆಯೇ ಎರಡು ಗೂಡಂಗಡಿ ಸಿಕ್ಕವು.

ಮೊದಲನೆಯ ಅಂಗಡಿಯ ಮುಂದೆ ನಿಂತೆ. ಭರಣಿಗಳಲ್ಲಿ ಕಡಲೆಮಿಠಾಯಿ, ಪೆಪ್ಪರ್‌ಮೆಂಟು, ಹುಣಸೆಹಣ್ಣಿನ ಚಿಗಳಿ. ಅವುಗಳ ಪಕ್ಕದಲ್ಲಿ ಬಾಯಿ ಒಡೆದ ಸಿಗರೇಟು ಪ್ಯಾಕು. ಮೇಲೆ ಗುಟ್ಕಾದ ತಮ್ಮನಂತಿರುವ ಚೀಟುಗಳ ಸರ. ಕಂಬಕ್ಕೆ ದಾರ ಕಟ್ಟಿ ಲೈಟರೊಂದನ್ನು ಇಳಿಬಿಟ್ಟಿದ್ದರು. ಅದು ತೂಗುತ್ತಿದ್ದುದು ಎಂಟನೇ ಕ್ಲಾಸಿನ ಹುಡುಗನ ಕೈಗೆ ಸಲೀಸಾಗಿ ಎಟುಕುವ ಎತ್ತರದಲ್ಲಿ.

ಆ ಟೇಪು ಹಿಡಿಯುವ ಹೊತ್ತಿಗೆ ನಮ್ಮ ಸಂಸ್ಥೆಗೆ ಹಲವು ವರ್ಷಗಳಾಗಿದ್ದವು. ಧೂಮಪಾನ ಬಿಡಿಸುವುದು, ಹೊಸಬರು ಶುರುಮಾಡದಂತೆ ತಡೆಯುವುದು, ಇವೆರಡೇ ಉದ್ದೇಶ. ಕೆಲಸಕ್ಕೇನೂ ಕಡಿಮೆಯಿರಲಿಲ್ಲ. ಪ್ರತಿ ಮೇ 31ರ ತಂಬಾಕು ರಹಿತ ದಿನಕ್ಕೆ ಜಾಥಾ, ವರ್ಷವಿಡೀ ಬೀದಿ ನಾಟಕ, ಶಾಲೆಗಳಲ್ಲಿ ಪ್ರತಿಜ್ಞೆ, ಚಿತ್ರಕಲಾ ಸ್ಪರ್ಧೆ. ಒಂದು ಭಾನುವಾರ ಮುಂದಿನ ಮೂರು ವರ್ಷದ ಯೋಜನೆ ಬರೆಯಲು ಎಲ್ಲರೂ ಕೂತೆವು. ಹಿಂದಿನ ವರ್ಷದ ವರದಿ ಓದಿದೆವು: ಜಾಥಾ ಎಷ್ಟು, ನಾಟಕ ಎಷ್ಟು, ಹಂಚಿದ ಕರಪತ್ರ ಎಷ್ಟು ಸಾವಿರ. ಎಲ್ಲ ಕೇಳಿಸಿಕೊಂಡು ಆ ಹುಡುಗಿ ಕೇಳಿದಳು: "ಸರ್, ಇಷ್ಟೆಲ್ಲ ಮಾಡಿದ ಮೇಲೆ ಹೈಸ್ಕೂಲ್ ಎದುರಿನ ಅಂಗಡೀಲಿ ಬಿಡಿ ಸಿಗರೇಟ್ ಮಾರೋದು ನಿಂತಿದೆಯಾ?"

ಯಾರೂ ಮಾತಾಡಲಿಲ್ಲ. ನಮ್ಮ ಜಾಥಾ ಪ್ರತಿವರ್ಷ ಹೊರಡುತ್ತಿದ್ದುದು ಅದೇ ಹೈಸ್ಕೂಲಿನ ಗೇಟಿನಿಂದ.

ನಾವು ಏನೇನು ಮಾಡಿದೆವು ಎಂಬ ಲೆಕ್ಕ ನಮ್ಮಲ್ಲಿತ್ತು, ಊರಿನಲ್ಲಿ ಏನು ಬದಲಾಯಿತು ಎಂಬ ಲೆಕ್ಕ ಇರಲಿಲ್ಲ. ಸ್ವಯಂಸೇವಾ ಸಂಸ್ಥೆಗಳ ಯೋಜನೆಗಳು ಬಹಳಷ್ಟು ಎಡವುವುದು ಇಲ್ಲೇ ಎಂದು ನನಗೆ ಈಗ ಅನಿಸುತ್ತದೆ. ಅನುದಾನ ಕೊಡುವವರು ಕೇಳುವುದು ಕಾರ್ಯಕ್ರಮದ ಫೋಟೊ, ಹಾಜರಾತಿ. ನಾವು ಅದನ್ನೇ ಒಟ್ಟುಮಾಡುತ್ತೇವೆ. ಹತ್ತು ವರ್ಷ ಕಳೆದರೂ ಆ ಲೈಟರು ಅದೇ ಕಂಬದಲ್ಲಿ ತೂಗುತ್ತಿರುತ್ತದೆ.

ಆ ದಿನಗಳಲ್ಲಿ ನಾನು ಓದಿ ತಿಳಿದುಕೊಂಡದ್ದು ಬ್ರಿಟನ್ನಿನ ಆ್ಯಶ್ ಎಂಬ ಪುಟ್ಟ ಸಂಸ್ಥೆಯ ಕಥೆ. 1971ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್, ಅಂದರೆ ಅಲ್ಲಿನ ವೈದ್ಯರ ಸಂಘ, ಅದನ್ನು ಹುಟ್ಟುಹಾಕಿತು. ಸಿಗರೇಟು ಕಂಪನಿಗಳ ಮುಂದೆ ಅದರ ಹಣಬಲ ಏನೇನೂ ಅಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಆ್ಯಶ್ ಒಂದು ಗುರಿಯನ್ನು ಆರಿಸಿಕೊಂಡಿತು: ಮುಚ್ಚಿದ ಕೆಲಸದ ಜಾಗಗಳಲ್ಲೆಲ್ಲ, ಪಬ್ಬುಗಳೂ ಸೇರಿ, ಸಿಗರೇಟು ಸೇದುವುದು ನಿಲ್ಲಬೇಕು. ಸರ್ಕಾರಕ್ಕೆ ಅಷ್ಟು ಮನಸ್ಸಿರಲಿಲ್ಲ. ಬಡವರಿಗೆ ಉಳಿದಿರುವ ಕೆಲವೇ ಸುಖಗಳಲ್ಲಿ ಸಿಗರೇಟೂ ಒಂದು ಎಂಬರ್ಥದ ಮಾತನ್ನು 2004ರಲ್ಲಿ ಅಲ್ಲಿನ ಆರೋಗ್ಯ ಸಚಿವ ಜಾನ್ ರೀಡ್ ಅವರೇ ಆಡಿದ್ದರು. ಊಟ ಕೊಡದ ಪಬ್ಬುಗಳಿಗೆ ವಿನಾಯಿತಿ ಕೊಡುವುದೆಂದು ಸರ್ಕಾರದ ಶ್ವೇತಪತ್ರ ಹೇಳಿತು.

ಆ್ಯಶ್‌ನವರು ಸೇದುವವನ ಜೊತೆ ಜಗಳಕ್ಕೆ ಹೋಗಲಿಲ್ಲ. ಪಬ್ಬಿನಲ್ಲಿ ಗ್ಲಾಸು ತೊಳೆಯುವ ಹೆಂಗಸನ್ನು, ಬಾರಿನ ಹಿಂದೆ ಎಂಟು ತಾಸು ನಿಲ್ಲುವ ಹುಡುಗನನ್ನು ಮುಂದಿಟ್ಟು ಮಾತಾಡಿದರು. ಇವರು ಒಂದೂ ಸಿಗರೇಟು ಸೇದದೆ ಊರಿನವರ ಹೊಗೆಯನ್ನೆಲ್ಲ ನುಂಗುತ್ತಿದ್ದಾರೆ, ಊಟ ಕೊಡುವ ಪಬ್ಬಿನ ಕೆಲಸಗಾರನಿಗೆ ಒಂದು ಶ್ವಾಸಕೋಶ, ಕೊಡದ ಪಬ್ಬಿನವನಿಗೆ ಇನ್ನೊಂದು ಇದೆಯೇ? ಇದು ಅವರ ವಾದ. ಕಾರ್ಮಿಕ ಸಂಘಗಳ ಪರ ವಾದಿಸುವ ವಕೀಲರ ಜೊತೆ ಸೇರಿ ಹೋಟೆಲು, ಪಬ್ಬುಗಳ ಮಾಲೀಕರಿಗೆ ಪತ್ರ ಬರೆದರು: ಈ ಹೊಗೆ ಅಪಾಯವೆಂದು ನಿಮಗೀಗ ಗೊತ್ತಾಗಿದೆ, ನಾಳೆ ನಿಮ್ಮ ಕೆಲಸಗಾರ ಕಾಯಿಲೆ ಬಿದ್ದರೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಅಷ್ಟರಲ್ಲಿ ನೆರೆಯ ಐರ್ಲೆಂಡ್ 2004ರ ಮಾರ್ಚ್ 29ರಂದೇ ನಿಷೇಧ ಜಾರಿ ಮಾಡಿತ್ತು. ಆ್ಯಶ್ ಬೇರೆ ಬೇಡಿಕೆಗಳನ್ನು ಹಿಂದಿಟ್ಟು ಈ ಒಂದನ್ನೇ ಹಿಡಿದು ಕೂತಿತು. 2006ರ ಫೆಬ್ರವರಿ 14ರಂದು ಸಂಸದರು ಪಕ್ಷದ ಆಣತಿಯಿಲ್ಲದೆ ಮತ ಹಾಕಿದರು. ಪಬ್ಬುಗಳನ್ನೂ ಸೇರಿಸಿದ ಪೂರ್ಣ ನಿಷೇಧದ ಪರ 384, ವಿರುದ್ಧ 184. 2007ರ ಜುಲೈ 1ರಿಂದ ಇಂಗ್ಲೆಂಡಿನ ಪಬ್ಬುಗಳಲ್ಲಿ ಹೊಗೆ ನಿಂತಿತು. ಮುಂದಿನ ಒಂದು ವರ್ಷದಲ್ಲಿ ಅಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರ ಸಂಖ್ಯೆ ಶೇ 2.4ರಷ್ಟು ಇಳಿದದ್ದನ್ನು ಸಂಶೋಧಕರು ಲೆಕ್ಕಹಾಕಿದ್ದಾರೆ. ಅಂದರೆ ಸುಮಾರು 1,200 ಜನ.

ಈ ಕಥೆಯನ್ನು ನಾನು ಸಭೆಯಲ್ಲಿ ಹೇಳಿದಾಗ ಹಿರಿಯ ಟ್ರಸ್ಟಿಯೊಬ್ಬರು, "ಅದು ಲಂಡನ್ನು, ಇದು ಹುಣಸೂರು" ಎಂದರು. ನಿಜ. ನಮಗೆ ಬೇಕಾದದ್ದು ನಮ್ಮ ಊರಿನ ಒಂದು ಪ್ರಶ್ನೆ. ಹೊಗೆ ಕುಡಿಯುವವರ ಎದುರು ಯಾರನ್ನು ತಂದು ನಿಲ್ಲಿಸಿದರೆ ಊರೆಲ್ಲ ನಮ್ಮ ಮಾತಿಗೆ ಹೂಂ ಎನ್ನುತ್ತದೆ? ಚಿಗಳಿ ಕೊಳ್ಳಲು ಬಂದ ಮಗುವನ್ನು. ಸೇದುವ ತಂದೆಯೂ ತನ್ನ ಮಗ ಸೇದಲಿ ಎನ್ನುವುದಿಲ್ಲ.

ಅಂಕಿಗಳ ವಿಚಾರ ಬಂದಾಗ ಮಾತ್ರ ವಾದವೇ ನಡೆಯಿತು. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹದಿನೈದು ದಾಟಿದವರಲ್ಲಿ ಶೇ 22.8ರಷ್ಟು ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಅದಕ್ಕೂ ಏಳು ವರ್ಷ ಹಿಂದೆ ಇದು ಶೇ 28.2 ಇತ್ತು, ಇಳಿದಿದೆ, ಸಂತೋಷ. ಆದರೆ ಸೇದುವವರು ಶೇ 8.8, ಜಗಿಯುವವರು ಶೇ 16.3. ಹೆಂಗಸರಲ್ಲಿ ಸೇದುವವರು ನೂರಕ್ಕೆ ಒಬ್ಬರೂ ಇಲ್ಲ, ಜಗಿಯುವವರು ಹತ್ತು ಜನ. "ನಮ್ಮ ಸಂಸ್ಥೆ ಧೂಮಪಾನ ಧೂಮಪಾನ ಅಂತ ಕೂತ್ರೆ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕ್ಕೊಳ್ಳೋ ನಮ್ಮಮ್ಮಂದಿರನ್ನ ಯಾರು ನೋಡ್ತಾರೆ?" ಎಂದು ಆಶಾ ಕಾರ್ಯಕರ್ತೆಯೊಬ್ಬರು ಕೇಳಿದರು. ಆಕೆಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂವರು ಸಂಬಳದ ಕಾರ್ಯಕರ್ತರು, ಒಂದು ಬೈಕು ಇರುವ ಸಂಸ್ಥೆ ಎಲ್ಲವನ್ನೂ ಮಾಡುತ್ತೇನೆ ಎಂದರೆ ಯಾವುದೂ ಆಗುವುದಿಲ್ಲ ಎಂಬುದೂ ಗೊತ್ತಿತ್ತು. ಕೊನೆಗೆ ದಾರಿ ತೋರಿಸಿದ್ದು ಆ ಗೂಡಂಗಡಿಯೇ. ಬಿಡಿ ಸಿಗರೇಟು, ಬೀಡಿ ಕಟ್ಟು, ಚೀಟಿನ ಸರ ಎಲ್ಲವೂ ಇರುವುದು ಅದೇ ಎರಡು ಅಡಿ ಹಲಗೆಯ ಮೇಲೆ. ಅಂಗಡಿಯನ್ನೇ ಹಿಡಿದರೆ ಸೇದುವುದಕ್ಕೂ ಜಗಿಯುವುದಕ್ಕೂ ಒಂದೇ ಕೆಲಸ. ಹಾಗಾಗಿ ಮೂರು ವರ್ಷಕ್ಕೆ ಬರೆದುಕೊಂಡದ್ದು ಇಷ್ಟು: ನಮ್ಮ ತಾಲ್ಲೂಕಿನ ಆಯ್ದ ಹೈಸ್ಕೂಲುಗಳ ಸುತ್ತ ನೂರು ಗಜದೊಳಗೆ ತಂಬಾಕು ಮಾರುವ ಅಂಗಡಿ ಒಂದೂ ಉಳಿಯಬಾರದು. ಪ್ರತಿ ಮೂರು ತಿಂಗಳಿಗೊಮ್ಮೆ ನಾವೇ ಎಣಿಸಬೇಕು. ಚಿತ್ರಕಲಾ ಸ್ಪರ್ಧೆ ಕೈಬಿಟ್ಟೆವು. ಅದನ್ನು ವರ್ಷವರ್ಷ ಮುತುವರ್ಜಿಯಿಂದ ನಡೆಸಿದ ಮೇಷ್ಟ್ರು ಅಂದು ಊಟಕ್ಕೆ ನಿಲ್ಲದೆ ಹೊರಟುಹೋದರು. ಯೋಜನೆ ಬರೆಯುವುದರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಅದು.

ಬಿಡಿ ಸಿಗರೇಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ಯಾಕಿನ ಮೇಲೆ ಶೇ 85ರಷ್ಟು ಜಾಗದಲ್ಲಿ ಆ ಭೀಕರ ಚಿತ್ರ ಇರಬೇಕೆಂಬ ನಿಯಮ 2016ರ ಏಪ್ರಿಲ್‌ನಲ್ಲಿ ಬಂತು. ಅದಕ್ಕಾಗಿ ನಡೆದ ಹೋರಾಟದ ಒಂದು ದೊಡ್ಡ ಅಧ್ಯಾಯ ನಮ್ಮ ರಾಜ್ಯದ್ದೇ. ದೇಶದ ಬೇರೆಬೇರೆ ಕಡೆ ಇದ್ದ ದಾವೆಗಳೆಲ್ಲ ಕರ್ನಾಟಕ ಹೈಕೋರ್ಟಿಗೆ ಬಂದು, 2017ರ ಡಿಸೆಂಬರ್‌ನಲ್ಲಿ ಆ ನಿಯಮ ರದ್ದಾಯಿತು. ಹೆಲ್ತ್ ಫಾರ್ ಮಿಲಿಯನ್ಸ್ ಟ್ರಸ್ಟ್ ಎಂಬ ಸ್ವಯಂಸೇವಾ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ತಿಂಗಳು ತುಂಬುವ ಮೊದಲೇ, 2018ರ ಜನವರಿ 8ರಂದು, ತಡೆಯಾಜ್ಞೆ ಸಿಕ್ಕಿತು, ಚಿತ್ರ ಉಳಿಯಿತು. ತಯಾರಿಲ್ಲದ ಸಂಸ್ಥೆಗೆ ಇಷ್ಟು ಬೇಗ ಹೋಗಲು ಆಗುತ್ತಿರಲಿಲ್ಲ. ಆದರೆ ಪ್ಯಾಕು ಒಡೆದು ಒಂದೊಂದಾಗಿ ಮಾರಿದರೆ ಆ ಚಿತ್ರ ಅಂಗಡಿಯವರ ಕೈಯಲ್ಲೇ ಉಳಿಯುತ್ತದೆ. ಹುಡುಗನ ಕೈಗೆ ಬರುವುದು ಬಿಳಿಯ ಕೊಳವೆ ಮಾತ್ರ. ಪೂರ್ತಿ ಪ್ಯಾಕಿಗೆ ಕಾಸಿಲ್ಲದವನಿಗೂ ಒಂದಕ್ಕೆ ಇರುತ್ತದೆ. 2024ರಲ್ಲಿ ಕರ್ನಾಟಕ ಕೋಟ್ಪಾಗೆ ತಂದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಬಿಡಿಯಾಗಿ ಮಾರುವುದಕ್ಕೆ ತಡೆ, 21ರ ಒಳಗಿನವರಿಗೆ ಮಾರಾಟವಿಲ್ಲ, 200 ರೂಪಾಯಿಯಿದ್ದ ದಂಡ 1,000. ಕಾಗದದ ಮೇಲೆ ನಮಗೆ ಬೇಕಾದದ್ದೆಲ್ಲ ಇದೆ.

ಹಲಗೆಯ ಆಚೆ ಕೂತವಳು ಒಬ್ಬ ವಿಧವೆ. ನಾವು ಟೇಪು ಸುತ್ತಿಕೊಂಡು ಬಂದಾಗ ಬೈಯಲಿಲ್ಲ, ಟೀ ಕೊಟ್ಟಳು. "ನಾನು ಮಾರ್ದೇ ಇದ್ರೆ ಆ ಕಡೆ ಅಂಗ್ಡಿಯೋನು ಮಾರ್ತಾನೆ ಸಾ. ಸಿಗರೇಟ್ ಇಲ್ಲ ಅಂದ್ರೆ ಟೀ ಕುಡಿಯೋಕೂ ಬರಲ್ಲ" ಎಂದಳು. ಸಿಗರೇಟಿನಲ್ಲಿ ಅವಳಿಗೆ ಉಳಿಯುವುದು ಚಿಲ್ಲರೆ ಕಾಸು, ಆದರೆ ಗಿರಾಕಿಯನ್ನು ಕರೆತರುವುದು ಅದೇ. ಒಬ್ಬಳಿಗೆ ದಂಡ ಹಾಕಿದರೆ ಅವಳ ವ್ಯಾಪಾರ ಪಕ್ಕದವನಿಗೆ ಹೋಗುತ್ತದೆ, ಊರಿನ ದೃಷ್ಟಿಯಲ್ಲಿ ನಾವು ಬಡವಿಯ ಹೊಟ್ಟೆಗೆ ಹೊಡೆದವರಾಗುತ್ತೇವೆ. ಆದ್ದರಿಂದ ನೂರು ಗಜದೊಳಗಿನ ಅಷ್ಟೂ ಅಂಗಡಿಯವರನ್ನು ಒಂದೇ ದಿನ ಶಾಲೆಗೆ ಕರೆಯುವುದು, ಮುಖ್ಯೋಪಾಧ್ಯಾಯರು, ಪಂಚಾಯಿತಿಯವರು, ಬೀಟ್ ಪೊಲೀಸಿನವರು ಎದುರಿಗಿರುವಾಗ ಎಲ್ಲರೂ ಒಟ್ಟಿಗೆ ನಿಲ್ಲಿಸುವ ದಿನಾಂಕ ಗೊತ್ತುಮಾಡುವುದು ಎಂದು ಬರೆದೆವು. ದಂಡ ಆಮೇಲಿನ ಮಾತು. ಶಾಲೆಯ ಮಧ್ಯಾಹ್ನದ ಹೊತ್ತಿಗೆ ಅವಳಿಂದ ಬೇರೇನು ಕೊಳ್ಳಬಹುದು ಎಂಬುದನ್ನೂ ಯೋಜನೆಯಲ್ಲಿ ಸೇರಿಸಿದೆವು.

ನಮ್ಮ ಸೀಮೆಯಲ್ಲಿ ಇನ್ನೊಂದು ಸಂಕಟವಿದೆ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆಯ ಮಣ್ಣಿನಲ್ಲಿ ಬೆಳೆಯುವುದೇ ಹೊಗೆಸೊಪ್ಪು. ನಮ್ಮ ಇಬ್ಬರು ಟ್ರಸ್ಟಿಗಳ ಮನೆಯಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ ಇದೆ. ಮಳೆಗಾಲದಲ್ಲಿ ಬ್ಯಾರನ್ನಿಗೆ ಸೌದೆ ಹಾಕಿ ರಾತ್ರಿಯಿಡೀ ಸೊಪ್ಪು ಹದ ಮಾಡುವ ಮನೆಯ ಹುಡುಗನ ಮುಂದೆ ನಿಂತು ತಂಬಾಕು ವಿಷ ಎಂದರೆ, ಅವನ ಕಿವಿಗೆ ಬೀಳುವುದು ನಿನ್ನಪ್ಪ ವಿಷ ಬೆಳೆಯುತ್ತಾನೆ ಎಂದು. ಆ ಸೊಪ್ಪಿನ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ಹೈಸ್ಕೂಲಿನ ಎದುರು ಬಿಡಿ ಸಿಗರೇಟು ನಿಂತರೆ ಹರಾಜು ಕಟ್ಟೆಯಲ್ಲಿ ಆ ರೈತನ ಸೊಪ್ಪಿನ ದರ ಬೀಳುವುದಿಲ್ಲ. ಇದನ್ನು ಮನೆಮನೆಗೆ ಹೋಗಿ ಹೇಳಬೇಕಾದವರು ಆ ಟ್ರಸ್ಟಿಗಳೇ ಎಂದು ತೀರ್ಮಾನವಾಯಿತು. ಬೆಳೆ ಬದಲಿಸಿ ಎಂದು ರೈತರಿಗೆ ಉಪದೇಶ ಮಾಡುವ ಕೆಲಸ ನಮ್ಮದಲ್ಲ ಎಂದೂ ಬರೆದುಕೊಂಡೆವು. ತಂಬಾಕು ಕಂಪನಿಗಳ ಒಂದು ರೂಪಾಯಿಯನ್ನೂ, ಶಾಲೆಯ ಶೌಚಾಲಯಕ್ಕೆಂದು ಕೊಟ್ಟರೂ, ಮುಟ್ಟುವುದಿಲ್ಲ ಎಂಬುದು ಯೋಜನೆಯ ಮೊದಲ ಸಾಲು. ಭಾರತ 2004ರಲ್ಲಿ ಒಪ್ಪಿದ ಅಂತರರಾಷ್ಟ್ರೀಯ ತಂಬಾಕು ಒಡಂಬಡಿಕೆಯ 5.3ನೇ ವಿಧಿ ಸರ್ಕಾರಗಳು ತಮ್ಮ ಆರೋಗ್ಯ ನೀತಿಗಳನ್ನು ಈ ಉದ್ಯಮದ ಹಿತಾಸಕ್ತಿಯಿಂದ ಕಾಪಾಡಿಕೊಳ್ಳಬೇಕೆನ್ನುತ್ತದೆ. ಸಣ್ಣ ಸಂಸ್ಥೆಗೆ ಆ ಎಚ್ಚರ ಇನ್ನೂ ಹೆಚ್ಚು ಬೇಕು.

ಸೇದುವವರನ್ನು ಮರೆತೆವೇ ಎಂದರೆ, ಇಲ್ಲ. ಅಲ್ಲಿ ನನ್ನದೇ ಒಂದು ನೋವಿದೆ. ನಮ್ಮಪ್ಪ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದರು. ಅಂಗಿಯ ಎಡಜೇಬಿನಲ್ಲಿ ಬೆಂಕಿಪೊಟ್ಟಣ, ಅದರ ಒತ್ತಿಗೆ ಬಟ್ಟೆಯೇ ಸವೆದು ತೆಳ್ಳಗಾಗಿತ್ತು. ಪ್ರತಿ ಯುಗಾದಿಗೂ ಬಿಡುತ್ತೇನೆ ಎನ್ನುತ್ತಿದ್ದರು, ನಾವು ನಗುತ್ತಿದ್ದೆವು, ಮೂರನೇ ದಿನ ಹಿತ್ತಲಲ್ಲಿ ವಾಸನೆ ಬಂದರೆ ಬೈಯುತ್ತಿದ್ದೆವು. ಅವರು ನಿಜವಾಗಿಯೂ ಬಿಡಲು ನೋಡುತ್ತಿದ್ದರು ಎಂದು ಅರ್ಥವಾದದ್ದು ಬಹಳ ತಡವಾಗಿ. 2016-17ರ ಅದೇ ತಂಬಾಕು ಸಮೀಕ್ಷೆಯಲ್ಲಿ ದೇಶದ ಧೂಮಪಾನಿಗಳಲ್ಲಿ ಶೇ 55.4ರಷ್ಟು ಜನ ಬಿಡಬೇಕೆಂಬ ಯೋಚನೆಯಲ್ಲಿದ್ದಾರೆ ಎಂದಿದೆ. ಅಂದರೆ ಆ ಟೀ ಅಂಗಡಿಯ ಮುಂದೆ ನಿಂತ ಇಬ್ಬರಲ್ಲಿ ಒಬ್ಬ. ಅವನಿಗೆ ಬೇಕಾದದ್ದು ಕೈ ಹಿಡಿಯುವವರು. ಬಿಟ್ಟ ಮೊದಲ ದಿನಗಳಲ್ಲಿ ಚಪಲ ಎದ್ದಾಗ ಕೆಲವು ನಿಮಿಷ ದಾಟಿಸಿದರೆ ಅದು ತಗ್ಗುತ್ತದೆ, ಮತ್ತೆ ಏಳುತ್ತದೆ, ಮತ್ತೆ ದಾಟಿಸಬೇಕು. ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356 ಸಂಖ್ಯೆಗೆ ಕಾಸಿಲ್ಲದೆ ಕರೆ ಮಾಡಬಹುದು. ಆ ಸೇವೆಯ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ. ಬಿಡಿ ಸಿಗರೇಟು ಕೊಳ್ಳುವವನಿಗೆ ಆ ಸಂಖ್ಯೆಯೂ ಕಾಣುವುದಿಲ್ಲ. ಆಶಾ ಕಾರ್ಯಕರ್ತೆಯರು ಬಿಪಿ, ಸಕ್ಕರೆ ಕಾಯಿಲೆಗೆಂದು ಮನೆಗೆ ಹೋದಾಗ "ಬಿಡಬೇಕು ಅಂತ ಅನ್ಸಿದ್ಯಾ ಅಣ್ಣ?" ಎಂದು ಒಂದು ಮಾತು ಕೇಳಬೇಕು, ಹೂಂ ಎಂದರೆ ಅಲ್ಲೇ ಕೂತು ಆ ಸಂಖ್ಯೆಗೆ ಫೋನು ಹಚ್ಚಿಕೊಡಬೇಕು, ವಾರ ಬಿಟ್ಟು ಮತ್ತೆ ಹೋಗಬೇಕು. ನಮ್ಮಪ್ಪನನ್ನು ಯಾರೂ ಹಾಗೆ ಕೇಳಲಿಲ್ಲ.

ಎಲ್ಲ ಬರೆದು ಮುಗಿಸುವ ಹೊತ್ತಿಗೆ ಸಂಜೆಯಾಗಿತ್ತು. ಕಾರ್ಯ, ದಿನಾಂಕ, ಹೊಣೆ ಎಂದು ಮೂರು ಅಂಕಣ ಎಳೆದ ಚಾರ್ಟು ಗೋಡೆಯ ಮೇಲಿತ್ತು. ನೂರು ಗಜದ ತುದಿಯಲ್ಲಿ ರಸ್ತೆಗೆ ಹಳದಿ ಗೆರೆ ಬಳಿಯುವುದು ಜೂನ್ ತಿಂಗಳಿಗೆ, ಶಾಲೆ ಶುರುವಾದ ವಾರಕ್ಕೆ ಎಂದಿತ್ತು. ಟೇಪು ಹಿಡಿದಿದ್ದ ಹುಡುಗಿ ಎದ್ದು ಹೋಗಿ ಚಾರ್ಟಿನ ಮುಂದೆ ನಿಂತಳು. "ಸರ್, ಮಳೆಗಾಲ ಕಳೆದ್ರೆ ಬಣ್ಣ ಹೋಗುತ್ತೆ. ಅಕ್ಟೋಬರ್‌ಗೆ ಮತ್ತೆ ಬಳೀಬೇಕು. ಅದನ್ನ ಯಾರೂ ಬರ್ದಿಲ್ಲ." ಸ್ಕೆಚ್ ಪೆನ್ನು ತೆಗೆದು ಕೆಳಗೆ ಒಂದು ಸಾಲು ಸೇರಿಸಿದಳು, ಹೊಣೆ ಎಂಬಲ್ಲಿ ತನ್ನ ಹೆಸರು ಬರೆದಳು. ಅದರ ಪಕ್ಕದಲ್ಲಿ ನನ್ನ ಹೆಸರನ್ನೂ ಬರೆಯಲು ಹೇಳಿದೆ.